ಗಂಟಲ ಕರಿದಾರ

ಕುಂತಿಬೆಟ್ಟದ ಬೆನ್ನಿಗೆ, ಹುರುಳಿ ಹೊಲದ ಅಂಚಿಗೆ
ಲಂಟಾನದ ಒಂದು ಮೆಳೆ.
ಮೆಳೆಯಿಂದ ಇಪ್ಪತ್ತೆರಡು ಹೆಜ್ಜೆಗೆ
ಅಪ್ಪ ಒಂದು ಬಿಳಿಕಲ್ಲು ನೆಟ್ಟಿದ್ದ.
ಕಲ್ಲು ದಾಟಿ ಈಚೆ ಬಂದದ್ದು ನಮ್ಮದು,
ಆಚೆ ಇರುವಷ್ಟು ಹೊತ್ತೂ ಅದು ಬೆಟ್ಟದ್ದು.

ನನಗೆ ಒಂಬತ್ತು ವರ್ಷ.
ಅಲುಗದೆ ಕೂರುವುದು, ಹಕ್ಕಿ ಬಿದ್ದ ಜಾಗ ಕಣ್ಣಲ್ಲಿ ನೆಡುವುದು
ನನ್ನ ಕೆಲಸ. ಅಣ್ಣನನ್ನು ಕರೆಯುತ್ತಿರಲಿಲ್ಲ;
ಅವನಿಗೆ ಕೆಮ್ಮು.

ನಾಲಗೆ ಅಂಗುಳಕ್ಕೆ ಒತ್ತಿ ಅಪ್ಪ ಕೂಗುತ್ತಿದ್ದ:
ಕಿಟಕೀಟರ್, ಕಿಟಕೀಟರ್.
ಯಾವನೋ ತನ್ನ ಎಲ್ಲೆಗೆ ಬಂದನೆಂದು
ಗಂಡು ಕೌಜುಗ ಎದೆಯುಬ್ಬಿಸಿ ಜಗಳಕ್ಕೆ ಹೊರಡುತ್ತಿತ್ತು,
ಎರಡು ಹೆಜ್ಜೆ, ನಿಂತು ಒಂದು ಗೆದ್ದಲು ಕುಕ್ಕಿ,
ಜಗಳ ನೆನಪಾಗಿ ಮತ್ತೆರಡು ಹೆಜ್ಜೆ.

"ಗಂಟ್ಲ ಕರಿದಾರ ಕಾಣ್ತಾ?"
ಕೊರಳ ಸುತ್ತ ನೂಲಿನಷ್ಟು ಸಣ್ಣ ಗೆರೆ;
ಕಂಡರೆ ಅವನ ಮೊಣಕೈ ಒತ್ತಬೇಕು ನಾನು.
ಕಾಣದೆಯೇ ಒತ್ತಿದ್ದು ಒಂದೇ ಒಂದು ಸಲ.
ಅಪ್ಪ ಕುದುರೆ ಎಳೆಯಲಿಲ್ಲ, ತಾನೂ ನೋಡುತ್ತಿದ್ದ.
ಮನೆಯವರೆಗೂ ಮಾತಿಲ್ಲ.

"ಸುಳ್ಳು ಕೂಗಿ ಕರೆಯೋದು ಮೋಸ ಅಲ್ವೇನಪ್ಪ?"
"ಮೋಸವೇ ಕಣವ್ವ," ಅಂದ, ಮದ್ದು ಗಿಡಿಯುತ್ತ.
"ದೂರದಿಂದ ಹೊಡ್ದು, ಕುಂಟಿಸಿ ಕಳ್ಸೋದು
ಅದಕ್ಕಿಂತ ದೊಡ್ಡ ಮೋಸ.
ಎರಡ್ರಲ್ಲಿ ಚಿಕ್ಕದು ನಂದು."

ಆ ಕಾರ್ತಿಕದಲ್ಲಿ ನಾಲೆಯ ಓವರ್‌ಸೀಯರ್
ಲಿಂಗರಾಜೇ ಅರಸಿನವರು ಜೊತೆಗೆ ಬಂದರು.
ಜೋಡುನಳಿಗೆಯ ಕೋವಿ, ಮೈಸೂರಿನಿಂದ ತರಿಸಿದ ಕೆಂಪು ತೋಟಾ.
ಹಕ್ಕಿ ಕಲ್ಲಿನಿಂದಾಚೆ ಇನ್ನೂ ನಲವತ್ತು ಹೆಜ್ಜೆ,
ಅಪ್ಪ ಕೈ ಎತ್ತುವ ಮೊದಲೇ ಎರಡೂ ನಳಿಗೆ ಸಿಡಿದವು.
ಎರಡು ಪುಕ್ಕ ಬಿಟ್ಟು, ಒಂದು ಮಗ್ಗುಲಿಗೆ ವಾಲಿ,
ಅದು ನಾಲೆ ದಾಟಿತು.

"ತಪ್ಪಿತು," ಎಂದರು, ಫ್ಲಾಸ್ಕಿನ ಕಾಫಿ ಸುರಿದುಕೊಂಡರು.
"ತಗುಲ್ತು ಸ್ವಾಮಿ," ಅಂದ ಅಪ್ಪ.

ಮಧ್ಯಾಹ್ನವೆಲ್ಲ ಆಚೆ ದಡದ ಕಬ್ಬಿನಲ್ಲಿ ಹುಡುಕಿದೆವು.
ಗರಿ ನನ್ನ ಕೆನ್ನೆ ಗೀರಿತು, ಅಪ್ಪನ ಒಂದು ಚಪ್ಪಲಿ
ಕೆಸರಿನಲ್ಲೇ ಉಳಿಯಿತು.
ದೀಪ ಹಚ್ಚುವ ಹೊತ್ತಿಗೆ ಬದುವಿನ ಮೇಲೆ ನಿಂತು
ಒಮ್ಮೆ ಕೂಗಿದ. ಕೋವಿ ಕೈಯಲ್ಲಿರಲಿಲ್ಲ.
ಉತ್ತರ ಬರಲಿಲ್ಲ.

ಸಂಕ್ರಾಂತಿ ಕಳೆದ ವಾರ, ಬಿಳಿಕಲ್ಲಿನ ಈಚೆಗೆ,
ಕರಿದಾರ ಕಂಡಿತು, ನಾನೇ ಒತ್ತಿದೆ.
ಒಂದು ಸದ್ದು. ರೆಕ್ಕೆ ಕೂಡ ಬಡಿಯಲಿಲ್ಲ.

ಅವ್ವ ಮೇವಿನ ಚೀಲ ಬಿಡಿಸಿದಳು: ಹನ್ನೊಂದು ಹುರುಳಿ.
"ನಮ್ಮವೇ," ಎಂದು ಕೋಳಿಗೆ ಎರಚಿದಳು.
ಗಟ್ಟಿ ಗರಿ ಎರಡು ಅಜ್ಜಿಯ ಕಿವಿಗೆ, ಕಾಲು ಬೆಕ್ಕಿಗೆ,
ಎಲುಬು ನಾಳಿನ ಸಾರಿಗೆ.

ಮುದ್ದೆಯ ನಡುವೆ ನನ್ನ ಹಲ್ಲಿಗೇನೋ ಕಟಕ್ಕೆಂದಿತು.
ತೊಡೆಯ ಮಾಂಸದೊಳಗೆ, ಬಿಳಿ ಪೊರೆ ಬೆಳೆದು
ಬೀಜದಂತೆ ಸುತ್ತಿಕೊಂಡ ಒಂದು ಚರೆ.
ನಮ್ಮ ಚರೆ ಹಳೇ ಬಲೆಯ ಸೀಸ ಕತ್ತರಿಸಿದ್ದು, ಮೂಲೆಮೂಲೆ.
ಇದು ನುಣ್ಣಗೆ, ಗುಂಡಗೆ, ಪೇಟೆಯದು.

ನಮ್ಮವನ್ನು ತೊಳೆದು ಡಬ್ಬಿಗೆ ಹಾಕುತ್ತಿದ್ದವನು
ಇದನ್ನು ಹಾಕಲಿಲ್ಲ.
ಉಂಡು ಮುಗಿಸಿ, ತಟ್ಟೆ ತೊಳೆದು ಆ ನೀರು ಕುಡಿದು,
ಅಂಗಿಯ ತುದಿಗೆ ಗಂಟು ಹಾಕಿಕೊಂಡ.

ಬೆಳಿಗ್ಗೆ ನಾಲೆ ಬಂಗಲೆಯ ಜಗಲಿ.
"ಏನ್ ಚನ್ನಿಗಯ್ಯ?"
"ನಿಮ್ದು, ಸ್ವಾಮಿ. ಎರಡು ತಿಂಗ್ಳಿಂದ
ಹೊತ್ಕೊಂಡು ತಿರುಗ್ತಿತ್ತು."
ಅವರು ನಗಲು ಹೊರಟು, ನಗಲಿಲ್ಲ.
ಅಂಗೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ
ಮೇಜು ನೋಡಿದರು, ಕಿಟಕಿ ನೋಡಿದರು,
ಕೊನೆಗೆ ಎದೆಯ ಜೇಬಿಗೆ ಹಾಕಿಕೊಂಡರು.

ಬರುವಾಗ ಏರಿಯ ಕೆಳಗಿಂದ ಒಂದು ಕೌಜುಗ
ಜಗಳಕ್ಕೆ ಕರೆಯಿತು,
ತುಂಬ ಹತ್ತಿರ, ಕರಿದಾರ ಕಾಣುವಷ್ಟು.
ನಾನು ಅಪ್ಪನ ಮೊಣಕೈ ಮುಟ್ಟಿದೆ.
ಅಪ್ಪ ಬರಿಗೈ ತೋರಿಸಿ ನಡೆದ.